ಆಯ್ಕೆಯ ಹೊಣೆ: ಯೆಹೂದ್ಯ ಧರ್ಮಗ್ರಂಥದ ಒಂದು ವಿಚಾರ

ಮನುಷ್ಯನು ತಾನು ಮಾಡುವ ಕಾರ್ಯಗಳಿಗೆ ತಾನೇ ಕರ್ತನೋ ಅಥವಾ ಇನ್ನಾವುದೋ ಶಕ್ತಿಯ ಕೈಯ ಬೊಂಬೆಯೋ ಎಂಬ ಪ್ರಶ್ನೆಯು ಬಹು ಪುರಾತನವಾದುದು. ಇದು ಪಂಡಿತರ ವಾದಕ್ಕೆ ಮಾತ್ರ ಮೀಸಲಾದ ವಿಷಯವೆಂದು ತಿಳಿಯಲಾಗದು. ಮಗಳನ್ನು ಯಾವ ಮನೆಗೆ ಕೊಡಬೇಕು, ಮುಪ್ಪಿನ ತಂದೆತಾಯಿಗಳನ್ನು ಬಿಟ್ಟು ದೂರದೂರಿನ ಕೆಲಸಕ್ಕೆ ಹೋಗಬಹುದೇ, ಸಾಲ ತೀರಿಸಲಾರದವನ ಮೇಲೆ ದಾವೆ ಹೂಡಬೇಕೋ ಸೈರಿಸಬೇಕೋ, ಇಂಥ ಪ್ರಶ್ನೆಗಳು ಸಂಸಾರಿಯ ಮನೆಬಾಗಿಲಿಗೆ ತಾವಾಗಿಯೇ ಬರುವುವು. ಅಂಥ ವೇಳೆಯಲ್ಲಿ ಹಣೆಯಲ್ಲಿ ಬರೆದುದು ತಪ್ಪದೆಂದು ಹೇಳಿ ಸುಮ್ಮನಾಗುವುದು ಸುಲಭ. ಹತ್ತು ಜನ ಮಾಡಿದಂತೆ ಮಾಡಿ ಕೈತೊಳೆದುಕೊಳ್ಳುವುದು ಅದಕ್ಕಿಂತಲೂ ಸುಲಭ. ಯೆಹೂದ್ಯರ ಧರ್ಮಗ್ರಂಥವು ಈ ಎರಡು ಸುಲಭದ ದಾರಿಗಳನ್ನೂ ಮುಚ್ಚಿ, ಆರಿಸಿಕೊಳ್ಳುವ ಹೊಣೆಯನ್ನು ಮನುಷ್ಯನ ಹೆಗಲಿಗೇ ಹೊರಿಸುತ್ತದೆ. ಅದು ಹೇಗೆಂಬುದನ್ನು ವಿಚಾರಿಸುವುದು ಯಾವ ಧರ್ಮದ ಗೃಹಸ್ಥನಿಗಾದರೂ ಪ್ರಯೋಜನಕರವೇ ಸರಿ.

ಯೆಹೂದ್ಯರು ಅತ್ಯಂತ ಪೂಜ್ಯವೆಂದು ಭಾವಿಸುವ ಗ್ರಂಥಕ್ಕೆ ತೋರಾ ಎಂದು ಹೆಸರು. ಇದರಲ್ಲಿ ಐದು ಕಾಂಡಗಳುಂಟು. ಕೊನೆಯದಾದ ಧರ್ಮೋಪದೇಶಕಾಂಡವು ಬಹುಮಟ್ಟಿಗೆ ಮೋಶೆಯ ಅಂತ್ಯಕಾಲದ ಉಪದೇಶವಾಗಿದೆ. ಐಗುಪ್ತದೇಶದ ದಾಸ್ಯದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲ್ಯರು ನಲವತ್ತು ವರ್ಷ ಅರಣ್ಯದಲ್ಲಿ ಅಲೆದು, ಯೊರ್ದನ್ ಹೊಳೆಯ ಪೂರ್ವಕ್ಕಿರುವ ಮೋವಾಬಿನ ಬಯಲಿನಲ್ಲಿ ಇಳಿದುಕೊಂಡಿರುವರು. ಹೊಳೆಯಾಚೆಗೆ ಅವರಿಗೆ ವಾಗ್ದಾನವಾದ ನಾಡು. ಮೋಶೆಗೆ ಆಗ ನೂರಿಪ್ಪತ್ತು ವರ್ಷ. ಆ ಹೊಳೆಯನ್ನು ದಾಟುವ ಭಾಗ್ಯವು ತನಗಿಲ್ಲವೆಂಬುದು ಅವನಿಗೆ ಗೊತ್ತು. ಇದುವರೆಗೆ ಜನರ ಪರವಾಗಿ ದೇವರೊಡನೆ ಮಾತನಾಡಿದವನು ಅವನು. ಅವರು ತಪ್ಪಿದಾಗ ಬೇಡಿಕೊಂಡವನೂ ಅವನೇ. ಇನ್ನು ಮುಂದೆ ಅವನಿಲ್ಲ. ಈ ಸಂದರ್ಭದಲ್ಲಿ ಅವನು ಜೀವವನ್ನೂ ಒಳಿತನ್ನೂ ಒಂದು ಕಡೆಗೆ, ಮರಣವನ್ನೂ ಕೆಡುಕನ್ನೂ ಇನ್ನೊಂದು ಕಡೆಗೆ ಜನರ ಮುಂದಿಟ್ಟು, ಭೂಮ್ಯಾಕಾಶಗಳನ್ನು ಸಾಕ್ಷಿಗೆ ಕರೆದು, ಜೀವವನ್ನೇ ಆರಿಸಿಕೊಳ್ಳಬೇಕೆಂದು ಬೋಧಿಸುತ್ತಾನೆ. ಅವರೂ ಅವರ ಸಂತತಿಯವರೂ ಬದುಕುವುದು ಆ ಆಯ್ಕೆಯನ್ನು ಅವಲಂಬಿಸಿದೆಯೆಂದು ತಿಳಿಸುತ್ತಾನೆ.

ಈ ಉಪದೇಶದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೋಶೆಯು ಸಾಕ್ಷಿಯ ಮಾತನ್ನಾಡುವಾಗ ಹೀಬ್ರೂ ಮೂಲದಲ್ಲಿ ಬಹುವಚನವಿದೆ. ಆರಿಸಿಕೊಳ್ಳಬೇಕೆಂದು ವಿಧಿಸುವಾಗ ಏಕವಚನವಿದೆ. ಕೇಳುವವರು ಲಕ್ಷ ಮಂದಿಯಾದರೂ ಆರಿಸಿಕೊಳ್ಳತಕ್ಕವನು ಒಬ್ಬೊಬ್ಬನೇ ಎಂಬುದು ಇದರಿಂದ ಹೊಳೆಯುವ ಅರ್ಥ. ಎರಡನೆಯದಾಗಿ, ಇಂದು ಎಂಬ ಪದವು ಈ ಭಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಪೂರ್ವಿಕರು ಎಂದೋ ಒಮ್ಮೆ ಆರಿಸಿಕೊಂಡರೆ ಸಾಲದು. ಯೆಹೂದ್ಯರ ಪ್ರಾರ್ಥನಾಮಂದಿರಗಳಲ್ಲಿ ಪ್ರತಿವರ್ಷವೂ ಹೊಸವರ್ಷದ ಹಬ್ಬಕ್ಕೆ ಹಿಂದಿನ ಸಬ್ಬತ್ ದಿನದಂದು ಈ ಭಾಗವನ್ನೇ ಓದುವ ಸಂಪ್ರದಾಯವಿದೆ. ಆದುದರಿಂದ ಆ ಇಂದು ಎಂಬುದು ವರ್ಷವರ್ಷಕ್ಕೂ ಹೊಸದಾಗುತ್ತಲೇ ಇರುವುದು. ಮೂರನೆಯದಾಗಿ, ಆರಿಸಿಕೊಳ್ಳುವಷ್ಟು ತಿಳಿವಳಿಕೆ ತಮಗೆಲ್ಲಿದೆಯೆಂದು ಹೇಳುವವರಿಗೆ ಮೋಶೆಯು ಮೊದಲೇ ಉತ್ತರ ಹೇಳಿರುವನು. ಧರ್ಮಾಜ್ಞೆಯನ್ನು ತರಲು ಆಕಾಶಕ್ಕೆ ಏರಬೇಕಾಗಿಲ್ಲ, ಕಡಲನ್ನು ದಾಟಬೇಕಾಗಿಲ್ಲ. ಅದು ಪ್ರತಿಯೊಬ್ಬನ ಬಾಯಿಗೂ ಹೃದಯಕ್ಕೂ ಸಮೀಪದಲ್ಲಿಯೇ ಇದೆಯೆಂಬುದು ಅವನ ಅಭಿಪ್ರಾಯ.

ಇಲ್ಲಿ ಒಂದು ಸಂದೇಹವು ಏಳಬಹುದು. ಬದುಕನ್ನು ಬಿಟ್ಟು ಸಾವನ್ನು ಬಯಸುವ ಮರುಳನು ಯಾವನಿದ್ದಾನೆ? ಎಲ್ಲರೂ ತಾವಾಗಿಯೇ ಬಯಸುವುದನ್ನು ಆಜ್ಞಾಪಿಸುವುದೇಕೆ? ಫ್ರಾನ್ಸಿನ ಟ್ರಾಯ್ ಎಂಬ ಪಟ್ಟಣದಲ್ಲಿದ್ದ, ರಾಶಿ ಎಂಬ ಹೆಸರಿನಿಂದ ಪ್ರಸಿದ್ಧನಾದ ವ್ಯಾಖ್ಯಾನಕಾರನು (1040–1105) ಇದಕ್ಕೆ ಒಂದು ದೃಷ್ಟಾಂತವನ್ನು ಕೊಟ್ಟಿರುವನು. ತಂದೆಯೊಬ್ಬನು ಮಗನಿಗೆ ತನ್ನ ಆಸ್ತಿಯಲ್ಲಿ ಒಳ್ಳೆಯ ಪಾಲನ್ನು ಆರಿಸಿಕೊಳ್ಳಹೇಳಿ, ಅತ್ಯುತ್ತಮವಾದ ಹೊಲಕ್ಕೆ ತಾನೇ ಕರೆದೊಯ್ದು ನಿಲ್ಲಿಸಿ, ಇದನ್ನೇ ಆರಿಸಿಕೊಳ್ಳೆಂದು ತೋರಿಸುವನಂತೆ. ತಂದೆಯು ದಾರಿ ತೋರಿಸಬಲ್ಲನು. ಕೈ ಹಿಡಿದು ಕರೆದೊಯ್ಯಲೂ ಬಲ್ಲನು. ಆದರೆ ಮಗನಿಗೆ ಬದಲಾಗಿ ತಾನೇ ಆರಿಸಲಾರನು. ಒಳಿತಾವುದೆಂಬುದು ಕಣ್ಣಿಗೆ ಕಂಡಮೇಲೂ ಮನುಷ್ಯನು ಅದನ್ನು ಬಿಟ್ಟು ನಡೆಯಬಲ್ಲನೆಂಬುದು ಅನುಭವಸಿದ್ಧವಾದ ಮಾತು. ಹೆಂಡವು ಮನೆಯನ್ನು ಹಾಳುಮಾಡುವುದೆಂಬುದನ್ನು ಕುಡುಕನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನಿಗೆ ಕೊರತೆಯಾಗಿರುವುದು ತಿಳಿವಳಿಕೆಯಲ್ಲ, ಸಂಕಲ್ಪ. ಆಜ್ಞೆಯು ಬೇಕಾಗುವುದು ಅಲ್ಲಿಯೇ.

ಧರ್ಮವು ಆಕಾಶದಲ್ಲಿಲ್ಲವೆಂಬ ಮಾತನ್ನು ಯೆಹೂದ್ಯ ಗುರುಗಳು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂಬುದಕ್ಕೆ ತಾಲ್ಮುದ್ ಎಂಬ ಅವರ ಬೃಹದ್‌ಗ್ರಂಥದಲ್ಲಿ ಒಂದು ಕಥೆಯಿದೆ. ಒಂದು ಬಗೆಯ ಒಲೆಯು ಮಡಿಗೆ ಸಲ್ಲುವುದೋ ಇಲ್ಲವೋ ಎಂದು ಗುರುಗಳಲ್ಲಿ ವಾದ ಹುಟ್ಟಿತು. ರಬ್ಬಿ ಎಲೀಯೆಜರನು ಒಂದು ಪಕ್ಷ; ಉಳಿದವರು ಇನ್ನೊಂದು ಪಕ್ಷ. ತನ್ನ ಯುಕ್ತಿಗಳನ್ನು ಅವರು ಒಪ್ಪದಿರಲು ಎಲೀಯೆಜರನು ಪವಾಡಗಳನ್ನು ಸಾಕ್ಷಿಗೆ ಕರೆದನು. ಮರವೊಂದು ಬೇರು ಕಿತ್ತು ದೂರ ಸರಿಯಿತು. ಕಾಲುವೆಯ ನೀರು ಹಿಮ್ಮುಖವಾಗಿ ಹರಿಯಿತು. ಪಾಠಶಾಲೆಯ ಗೋಡೆಗಳು ವಾಲಿದುವು. ಕಡೆಗೆ ಆಕಾಶವಾಣಿಯೇ ಎಲೀಯೆಜರನ ಪಕ್ಷವು ಸರಿಯೆಂದು ನುಡಿಯಿತು. ಆಗ ರಬ್ಬಿ ಯೆಹೋಶುವನು ಎದ್ದು ನಿಂತು ಮೋಶೆಯ ಆ ಮಾತನ್ನೇ ಎತ್ತಿಹೇಳಿ, ತೀರ್ಮಾನವು ಆಕಾಶದ್ದಲ್ಲವೆಂದನು. ಧರ್ಮವನ್ನು ಒಮ್ಮೆ ಮನುಷ್ಯರಿಗೆ ಕೊಟ್ಟಾಗಿದೆ. ಇನ್ನು ಕೂಡಿ ವಿಚಾರಿಸಿ, ಹೆಚ್ಚು ಜನ ಒಪ್ಪಿದಂತೆ ನಿರ್ಣಯಿಸುವುದು ಅವರ ಕೆಲಸವೆಂಬುದು ಗುರುಗಳ ನಿಲುವು. ಇದನ್ನು ಕೇಳಿ ದೇವರು, ತನ್ನ ಮಕ್ಕಳು ತನ್ನನ್ನೇ ಸೋಲಿಸಿದರೆಂದು ನಕ್ಕನಂತೆ.

ಈ ಕಥೆಯನ್ನು ಹೇಳುವವರು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ತಾಲ್ಮುದ್ ನಿಲ್ಲಿಸಿಲ್ಲ. ಗೆದ್ದ ಪಕ್ಷದವರು ಎಲೀಯೆಜರನಿಗೆ ಬಹಿಷ್ಕಾರ ಹಾಕಿದರು. ಆ ಮುದುಕನು ಕಣ್ಣೀರಿಟ್ಟನು. ಆ ಕಣ್ಣೀರಿನಿಂದ ಲೋಕಕ್ಕೆ ಕೇಡಾಯಿತು ಎಂದು ಕಥೆಯು ಮುಂದುವರಿಯುತ್ತದೆ. ಇಡೀ ಪ್ರಸಂಗವು ಬಂದಿರುವುದೇ ಮಾತಿನಿಂದ ಇನ್ನೊಬ್ಬರನ್ನು ನೋಯಿಸುವ ಪಾಪವನ್ನು ಕುರಿತ ಪ್ರಕರಣದಲ್ಲಿ. ನಿರ್ಧರಿಸುವ ಅಧಿಕಾರವು ಮನುಷ್ಯನಿಗಿದೆಯೆಂಬುದು ನಿಜ. ಆದರೆ ಸರಿಯಾಗಿ ನಿರ್ಧರಿಸಿದವನಿಗೂ ಸೋತವನನ್ನು ನೋಯಿಸುವ ಅಧಿಕಾರವು ದೊರೆಯಲಿಲ್ಲವೆಂಬುದನ್ನು ಈ ಕಥೆಯು ಜೊತೆಜೊತೆಗೇ ಕಲಿಸುತ್ತದೆ. ಬಹುಮತದಿಂದ ನಡೆಯುವ ಇಂದಿನ ಸಭೆಗಳಿಗೂ ಸಂಸ್ಥೆಗಳಿಗೂ ಇದಕ್ಕಿಂತ ಹಿತವಾದ ಬುದ್ಧಿವಾದವು ದುರ್ಲಭ.

ದೇವರು ಸರ್ವಜ್ಞನಾದ ಮೇಲೆ ನಾಳೆ ಮನುಷ್ಯನು ಏನನ್ನು ಆರಿಸುವನೆಂಬುದು ಅವನಿಗೆ ಇಂದೇ ತಿಳಿದಿರಬೇಕಲ್ಲವೇ? ಹಾಗಿದ್ದರೆ ಆಯ್ಕೆಯೆಂಬುದಕ್ಕೆ ಅರ್ಥವೇನು? ಇದು ಕಠಿನವಾದ ಪ್ರಶ್ನೆ. ಎರಡನೆಯ ಶತಮಾನದಲ್ಲಿ ರೋಮನರ ಕೈಯಲ್ಲಿ ಮಡಿದ ರಬ್ಬಿ ಅಕೀವನು, ಎಲ್ಲವೂ ದೇವರ ಕಣ್ಣಿಗೆ ಕಂಡಿರುವುದೆಂಬುದನ್ನೂ ಮನುಷ್ಯನಿಗೆ ಸ್ವಾತಂತ್ರ್ಯವಿದೆಯೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡನ್ನೂ ಬಿಡದೆ ಹಿಡಿದನು. ತಾಲ್ಮುದಿನಲ್ಲಿ ಒಂದು ಸುಂದರವಾದ ಕಲ್ಪನೆಯಿದೆ. ಗರ್ಭಧಾರಣೆಯ ಮೇಲ್ವಿಚಾರಕನಾದ ದೇವದೂತನು ಬಿಂದುವನ್ನು ದೇವರ ಮುಂದಿಟ್ಟು, ಹುಟ್ಟಲಿರುವವನು ಬಲಶಾಲಿಯೋ ದುರ್ಬಲನೋ, ಜಾಣನೋ ದಡ್ಡನೋ, ಧನಿಕನೋ ಬಡವನೋ ಎಂದು ಕೇಳುತ್ತಾನಂತೆ. ಸಜ್ಜನನೋ ದುರ್ಜನನೋ ಎಂಬುದನ್ನು ಮಾತ್ರ ಕೇಳುವುದಿಲ್ಲ. ಅದು ನಿಶ್ಚಯವಾಗಿಲ್ಲದ ಕಾರಣ ಕೇಳುವ ಹಾಗೂ ಇಲ್ಲ. ವಂಶವಾಹಿಗಳನ್ನು ಕುರಿತ ಇಂದಿನ ವಿಜ್ಞಾನವು ದೇಹದ ಎತ್ತರ, ಮೈಬಣ್ಣ, ಎಷ್ಟೋ ರೋಗಗಳ ಒಲವು, ಸ್ವಭಾವದ ಕೆಲವಂಶ ಇವೆಲ್ಲ ಹುಟ್ಟಿನೊಡನೆ ಬರುವುವೆಂದು ತೋರಿಸಿಕೊಟ್ಟಿದೆ. ಆ ಪ್ರಾಚೀನ ಗುರುಗಳು ಇದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ಮನುಷ್ಯನಿಗೆ ಸಿಕ್ಕಿದ ಬಂಡವಾಳವು ಅವನ ಆಯ್ಕೆಯಲ್ಲವೆಂಬುದನ್ನು ಅವರು ಧಾರಾಳವಾಗಿ ಒಪ್ಪಿಕೊಂಡಿದ್ದರು. ಆ ಬಂಡವಾಳದಿಂದ ನಡೆಸುವ ವ್ಯಾಪಾರವು ಅವನದೇ ಎಂಬುದು ಅವರ ವಾದ.

ಹನ್ನೆರಡನೆಯ ಶತಮಾನದ ಮಹಾಪಂಡಿತನಾದ ಮೈಮೊನಿಡೀಸನು ಸ್ಪೇನಿನ ಕಾರ್ಡೋವಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯನಾಗಿ ಬಾಳಿದವನು. ಪಶ್ಚಾತ್ತಾಪದ ವಿಧಿಗಳನ್ನು ಬರೆಯುವಾಗ ಆತನು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡನು. ಪ್ರತಿಯೊಬ್ಬ ಮನುಷ್ಯನೂ ಮೋಶೆಯಂತೆ ಧರ್ಮಾತ್ಮನಾಗಬಲ್ಲನು, ಯಾರೊಬಾಮನಂತೆ ಪಾಪಿಯೂ ಆಗಬಲ್ಲನು. ಅವನನ್ನು ಯಾವ ಕಡೆಗೂ ಎಳೆಯುವವರಿಲ್ಲ ಎಂಬುದು ಆತನ ಸಿದ್ಧಾಂತ. ಹಾಗಿಲ್ಲದಿದ್ದರೆ ವಿಧಿನಿಷೇಧಗಳಿಗೂ ದಂಡಕ್ಕೂ ಪುರಸ್ಕಾರಕ್ಕೂ ನ್ಯಾಯವೇ ಇರುವುದಿಲ್ಲವೆಂದು ಆತನು ವಾದಿಸುವನು. ದೇವರ ಜ್ಞಾನದ ಪ್ರಶ್ನೆಗೆ ಮಾತ್ರ ಆತನು ಒಗಟು ಬಿಡಿಸಿದಂತೆ ಉತ್ತರ ಹೇಳಲಿಲ್ಲ. ದೇವರ ಜ್ಞಾನವು ಮನುಷ್ಯನ ಜ್ಞಾನದ ಬಗೆಯದಲ್ಲ, ಅದರ ಸ್ವರೂಪವು ಮಾನವಬುದ್ಧಿಗೆ ನಿಲುಕುವುದಿಲ್ಲ; ಆದರೆ ಮನುಷ್ಯನ ನಡತೆಯು ಮನುಷ್ಯನ ಕೈಯಲ್ಲಿರುವುದೆಂಬುದರಲ್ಲಿ ಸಂಶಯವಿಲ್ಲ ಎಂದಷ್ಟೇ ತಿಳಿಸಿದನು. ತಿಳಿಯಲಾಗದ ವಿಷಯವನ್ನು ನೆಪಮಾಡಿಕೊಂಡು, ತಿಳಿದಿರುವ ಕರ್ತವ್ಯದಿಂದ ಜಾರಿಕೊಳ್ಳಬಾರದೆಂಬುದು ಇದರ ತಾತ್ಪರ್ಯ.

ಈ ಸ್ವಾತಂತ್ರ್ಯವು ಎಂದೆಂದಿಗೂ ಅಷ್ಟೇ ಇರುವುದೋ? ಇಲ್ಲವೆಂಬುದಕ್ಕೆ ವಿಮೋಚನಕಾಂಡದ ಫರೋಹನೇ ಉದಾಹರಣೆ. ದಾಸರಾಗಿದ್ದ ಇಸ್ರಾಯೇಲ್ಯರನ್ನು ಬಿಟ್ಟುಕೊಡೆಂದು ಮೋಶೆಯು ಕೇಳಿದಾಗಲೆಲ್ಲ ಐಗುಪ್ತದ ಆ ದೊರೆಯು ನಿರಾಕರಿಸಿದನು. ದೇಶದ ಮೇಲೆ ಒಂದರ ಹಿಂದೊಂದರಂತೆ ಹತ್ತು ಉಪದ್ರವಗಳು ಬಂದುವು. ಮೊದಲ ಐದರ ವಿಷಯದಲ್ಲಿ ಫರೋಹನ ಹೃದಯವು ತಾನೇ ಕಠಿಣವಾಯಿತೆಂದೋ ಅವನೇ ಅದನ್ನು ಕಠಿಣಮಾಡಿಕೊಂಡನೆಂದೋ ಗ್ರಂಥವು ಹೇಳುತ್ತದೆ. ಆರನೆಯ ಉಪದ್ರವದ ಬಳಿಕವೇ, ದೇವರು ಅವನ ಹೃದಯವನ್ನು ಕಠಿಣಪಡಿಸಿದನೆಂಬ ಮಾತು ಬರುವುದು. ದೇವರೇ ಕಠಿಣಪಡಿಸಿದ ಮೇಲೆ ಅವನ ತಪ್ಪೇನೆಂದು ಕೇಳುವವರಿಗೆ ಮೈಮೊನಿಡೀಸನ ಉತ್ತರವಿದು: ಬೇಕೆಂದೇ ಪದೇ ಪದೇ ಪಾಪ ಮಾಡಿದವನಿಗೆ ಹಿಂತಿರುಗುವ ಬಾಗಿಲು ಮುಚ್ಚಿಹೋಗುವುದೇ ದಂಡನೆಯಾಗಬಹುದು. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿ, ಯೌವನದಲ್ಲಿ ತಾಲ್ಮುದ್ ಅಭ್ಯಾಸಮಾಡಿದ್ದ ಮನಶ್ಶಾಸ್ತ್ರಜ್ಞ ಎರಿಕ್ ಫ್ರಾಮನು (1900–1980) ಇದನ್ನೇ ಮನಸ್ಸಿನ ನಿಯಮವೆಂದು ವಿವರಿಸಿದನು. ಒಂದೊಂದು ತಪ್ಪು ಆಯ್ಕೆಯೂ ಮನಸ್ಸನ್ನು ಇನ್ನಷ್ಟು ಗಡುಸುಮಾಡುವುದು. ಕಡೆಗೆ ಆರಿಸುವ ಶಕ್ತಿಯೇ ಉಳಿಯದು. ಮೊದಲನೆಯ ಸುಳ್ಳಿಗೆ ನಾಲಗೆ ತಡವರಿಸುತ್ತದೆ, ನೂರನೆಯದಕ್ಕೆ ತಡವರಿಸುವುದಿಲ್ಲ. ಲಂಚಕ್ಕೆ ಮೊದಲ ಸಲ ಕೈಯೊಡ್ಡುವವನು ಬೆವರುವನು. ಹತ್ತು ವರ್ಷದ ಬಳಿಕ ಅದು ಬಾರದಿದ್ದರೆ ಸಿಡಿಮಿಡಿಗೊಳ್ಳುವನು. ಸ್ವಾತಂತ್ರ್ಯವು ಬಳಸಿದಷ್ಟೂ ಬೆಳೆಯುವ, ಕೆಡಿಸಿದಷ್ಟೂ ಕುಗ್ಗುವ ವಸ್ತು. ಆದುದರಿಂದಲೇ ಮೋಶೆಯು ಇಂದು ಎಂದನು, ನಾಳೆ ಎನ್ನಲಿಲ್ಲ.

ಜೀವವನ್ನು ಆರಿಸಿಕೊಳ್ಳುವುದೆಂದರೆ ಹೇಗಾದರೂ ಉಸಿರಾಡಿಕೊಂಡಿರುವುದೆಂದು ಅರ್ಥವೇ? ಒಂದು ಪ್ರಾಣವನ್ನು ಉಳಿಸುವುದಕ್ಕಾಗಿ ಪರಮಪವಿತ್ರವಾದ ಸಬ್ಬತ್ ದಿನದ ನಿಯಮವನ್ನೂ ಮುರಿಯಬಹುದು, ಮುರಿಯಲೇಬೇಕು ಎಂದು ಯೆಹೂದ್ಯ ಧರ್ಮಶಾಸ್ತ್ರವು ವಿಧಿಸುತ್ತದೆ. ಇಷ್ಟು ಪ್ರಾಣವತ್ಸಲವಾದ ಶಾಸ್ತ್ರವೇ ಮೂರು ಪಾಪಗಳನ್ನು ಮಾತ್ರ ಪ್ರಾಣಹೋದರೂ ಮಾಡಬಾರದೆನ್ನುತ್ತದೆ: ಅನ್ಯದೈವದ ಪೂಜೆ, ವ್ಯಭಿಚಾರ, ಕೊಲೆ. ಇನ್ನೊಬ್ಬನನ್ನು ಕೊಲ್ಲದಿದ್ದರೆ ತನ್ನನ್ನೇ ಕೊಲ್ಲುವೆನೆಂದು ಅಧಿಕಾರಿಯು ಬೆದರಿಸಿರುವನೆಂದು ಒಬ್ಬನು ಬಂದು ಕೇಳಿದಾಗ, ಅವನ ರಕ್ತವು ಆ ಇನ್ನೊಬ್ಬನ ರಕ್ತಕ್ಕಿಂತ ಹೆಚ್ಚು ಕೆಂಪೆಂದು ತಿಳಿಯಲು ಆಧಾರವೇನೆಂದು ಗುರುವಾದ ರಾವನು ಪ್ರಶ್ನಿಸಿದನು. ಬದುಕುವುದು ದೊಡ್ಡದು, ಆದರೆ ಇನ್ನೊಬ್ಬನ ಬದುಕನ್ನು ಬೆಲೆಯಾಗಿ ತೆತ್ತು ಕೊಂಡುಕೊಂಡ ಬದುಕು ಮೋಶೆಯು ಹೇಳಿದ ಜೀವವಲ್ಲ.

ಎರಡೂ ದಾರಿಗಳಲ್ಲಿ ದುಃಖವಿದ್ದಾಗ ಮಾಡತಕ್ಕದ್ದೇನು? ಇಬ್ಬರು ಮರುಭೂಮಿಯಲ್ಲಿ ನಡೆದುಹೋಗುತ್ತಿದ್ದಾರೆ. ಒಬ್ಬನ ಕೈಯಲ್ಲಿ ಮಾತ್ರ ನೀರಿನ ತಂಬಿಗೆಯಿದೆ. ಇಬ್ಬರೂ ಹಂಚಿಕೊಂಡು ಕುಡಿದರೆ ಇಬ್ಬರೂ ಸಾಯುವರು. ಒಬ್ಬನೇ ಕುಡಿದರೆ ಊರು ಸೇರುವನು. ಜೊತೆಗಾರನ ಸಾವನ್ನು ನೋಡುವುದಕ್ಕಿಂತ ಇಬ್ಬರೂ ಕುಡಿದು ಸಾಯುವುದೇ ಮೇಲೆಂದು ಬೆನ್ ಪೆತೂರನು ಬೋಧಿಸಿದನು. ಅಕೀವನು ಒಪ್ಪಲಿಲ್ಲ. ಸಹೋದರನು ನಿನ್ನೊಡನೆ ಬದುಕಲೆಂಬ ತೋರಾದ ವಿಧಿಯಲ್ಲಿ ನಿನ್ನೊಡನೆ ಎಂಬುದಕ್ಕೆ ಅರ್ಥವಿರಬೇಕಾದರೆ ಮೊದಲು ನೀನು ಬದುಕಿರಬೇಕಷ್ಟೆ ಎಂಬುದು ಅವನ ತರ್ಕ. ಕೈಯಲ್ಲಿರುವ ನೀರನ್ನು ಉಳಿಸಿಕೊಳ್ಳುವುದು ಬೇರೆ, ಇನ್ನೊಬ್ಬನ ಕೈಯಿಂದ ಕಿತ್ತುಕೊಳ್ಳುವುದು ಬೇರೆ. 2020ರಲ್ಲಿ ಕೊರೋನಾ ಜಾಡ್ಯವು ಹರಡಿ, ಉಸಿರಾಟದ ಯಂತ್ರಗಳು ಸಾಲದೆ ಹೋದಾಗ ಇಟಲಿ ಮೊದಲಾದ ದೇಶಗಳ ವೈದ್ಯರ ಮುಂದೆ ಇಂಥದೇ ಪ್ರಶ್ನೆ ಬಂದು ನಿಂತಿತು. ಆದರೆ ಅಲ್ಲಿ ತಂಬಿಗೆಯು ಬಾಯಾರಿದವರಿಬ್ಬರಲ್ಲಿ ಯಾರದೂ ಆಗಿರಲಿಲ್ಲ; ಅದು ಮೂರನೆಯವನ ಕೈಯಲ್ಲಿತ್ತು. ಅಕೀವನ ತೀರ್ಪು ಆ ಮೂರನೆಯವನಿಗೆ ನೇರವಾಗಿ ಅನ್ವಯಿಸುವುದಿಲ್ಲ. ಗ್ರಂಥವು ಸಿದ್ಧವಾದ ಉತ್ತರಗಳ ಪೆಟ್ಟಿಗೆಯಲ್ಲ. ವಿಚಾರಿಸುವ ಕ್ರಮವನ್ನು ಕಲಿಸುವ ಗುರುವೆಂಬುದನ್ನು ಇದರಿಂದ ಅರಿಯಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಬೋಧೆಯು ಒಬ್ಬನ ಬಾಳಿನಲ್ಲಿ ಪರೀಕ್ಷೆಗೆ ಬಂದ ಬಗೆಯನ್ನು ನೋಡಬಹುದು. ವಿಯೆನ್ನಾ ನಗರದ ವೈದ್ಯ ವಿಕ್ಟರ್ ಫ್ರಾಂಕಲನು (1905–1997) ಯೆಹೂದ್ಯನು. ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದ್ದರು. 1938ರ ನವೆಂಬರಿನಲ್ಲಿ ನಗರದ ಯೆಹೂದ್ಯ ಮಂದಿರಗಳನ್ನು ಸುಟ್ಟಿದ್ದರು. 1941ರಲ್ಲಿ ಫ್ರಾಂಕಲನಿಗೆ ಅಮೆರಿಕಕ್ಕೆ ಹೋಗಲು ವೀಸಾ ದೊರೆಯಿತು. ಹೋದರೆ ಪ್ರಾಣವೂ ಉಳಿಯುವುದು, ಅವನ ಶಾಸ್ತ್ರಾಧ್ಯಯನವೂ ಮುಂದುವರಿಯುವುದು. ಆದರೆ ಯೆಹೂದ್ಯರ ಆಸ್ಪತ್ರೆಯಲ್ಲಿ ಅವನಿಗಿದ್ದ ಹುದ್ದೆಯ ಕಾರಣದಿಂದಲೇ ವೃದ್ಧರಾದ ತಂದೆತಾಯಿಗಳಿಗೆ ಅದುವರೆಗೆ ಗಡೀಪಾರು ತಪ್ಪಿತ್ತು. ಈ ತೊಳಲಾಟದಲ್ಲಿ ಮನೆಗೆ ಬಂದಾಗ ಮೇಜಿನ ಮೇಲೆ ಅಮೃತಶಿಲೆಯ ಚೂರೊಂದು ಕಾಣಿಸಿತು. ಸುಟ್ಟುಹೋದ ದೊಡ್ಡ ಮಂದಿರದ ಸ್ಥಳದಿಂದ ತಂದೆಯು ಅದನ್ನು ಆಯ್ದು ತಂದಿದ್ದನು. ಅದರ ಮೇಲೆ ಚಿನ್ನದ ಲೇಪವಿದ್ದ ಒಂದು ಹೀಬ್ರೂ ಅಕ್ಷರವಿತ್ತು. ಹತ್ತು ಆಜ್ಞೆಗಳಲ್ಲಿ, ತಂದೆತಾಯಿಗಳನ್ನು ಗೌರವಿಸಬೇಕೆಂದು ವಿಧಿಸುವ ಆಜ್ಞೆಯ ಗುರುತು ಅದೆಂದು ತಂದೆಯು ತಿಳಿಸಿದನು. ಫ್ರಾಂಕಲನು ಉಳಿದನು; ವೀಸಾ ವ್ಯರ್ಥವಾಗಿಹೋಯಿತು.

ಆ ಆಜ್ಞೆಯು ಪಾಲಿಸಿದವನಿಗೆ ದೀರ್ಘಾಯುಷ್ಯವನ್ನು ವಾಗ್ದಾನಮಾಡುತ್ತದೆ. ನಡೆದುದೇನು? 1942ರಲ್ಲಿ ಫ್ರಾಂಕಲನನ್ನೂ ಅವನ ಹೆಂಡತಿಯನ್ನೂ ತಂದೆತಾಯಿಗಳನ್ನೂ ಥೆರೇಸಿಯನ್‌ಸ್ಟಾಟ್ ಎಂಬಲ್ಲಿಗೆ ಸಾಗಿಸಿದರು. 1943ರಲ್ಲಿ ತಂದೆಯು ಅಲ್ಲಿಯೇ ತೀರಿಕೊಂಡನು. ಮಗನು ಬಳಿಯಲ್ಲಿದ್ದು ಆರೈಕೆ ಮಾಡಿದನು. ತಾಯಿಯು 1944ರಲ್ಲಿ ಆಶ್‌ವಿಟ್ಜ್ ಶಿಬಿರದಲ್ಲಿ ಹತಳಾದಳು. ಹೆಂಡತಿಯೂ ಸಹೋದರನೂ ಸೆರೆಶಿಬಿರಗಳಲ್ಲಿ ಮಡಿದರು. ಫ್ರಾಂಕಲನು ಮಾತ್ರ 1945ರ ಏಪ್ರಿಲಿನಲ್ಲಿ ಬಿಡುಗಡೆ ಹೊಂದಿ, ಎಲ್ಲವನ್ನೂ ಕಸಿದುಕೊಂಡರೂ ಪರಿಸ್ಥಿತಿಯೆದುರು ತಾನು ಹೇಗೆ ನಿಲ್ಲುವೆನೆಂಬ ಆಯ್ಕೆಯನ್ನು ಮನುಷ್ಯನಿಂದ ಕಸಿಯಲಾಗದೆಂದು 1946ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದನು. ಹಾಗಾದರೆ ಅವನು ಆರಿಸಿಕೊಂಡುದು ಜೀವವನ್ನೋ ಮರಣವನ್ನೋ? ಫಲವನ್ನು ನೋಡಿ ತೂಗುವವನಿಗೆ ಅದು ದುಡುಕಾಗಿ ಕಾಣಬಹುದು. ಆದರೆ ತಂದೆಯ ಕೊನೆಯ ದಿನಗಳಲ್ಲಿ ಕೈಹಿಡಿಯಲು ಮಗನೊಬ್ಬನಿದ್ದನೆಂಬುದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು? ಅದೇ ಕಾಲದಲ್ಲಿ ದೇಶವನ್ನು ಬಿಟ್ಟು ಹೋಗಿ ಬದುಕಿಕೊಂಡವರು ತಪ್ಪು ಮಾಡಿದರೆಂದೂ ಹೇಳಲಾಗದು. ಅವರ ಮುಂದಿದ್ದ ಪ್ರಶ್ನೆ ಅವರದು. ಕಲ್ಲಿನ ಚೂರು ಫ್ರಾಂಕಲನಿಗೆ ಬದಲಾಗಿ ನಿರ್ಧರಿಸಲಿಲ್ಲ. ಬೇರೊಬ್ಬನು ಅದನ್ನು ಬರಿಯ ಕಲ್ಲೆಂದು ಎತ್ತಿಡಬಹುದಾಗಿತ್ತು. ಅವನು ಅದರಲ್ಲಿ ಆಜ್ಞೆಯನ್ನು ಓದಿದನು. ಓದಿದುದರ ಹೊಣೆಯನ್ನೂ ತಾನೇ ಹೊತ್ತನು.

ಇಷ್ಟನ್ನೆಲ್ಲ ಕೂಡಿಸಿ ನೋಡಿದರೆ ಇಂದಿನ ಬಾಳಿಗೆ ಸಲ್ಲುವ ಕೆಲವು ಮಾತುಗಳು ಸ್ಪಷ್ಟವಾಗುವುವು. ಹುಟ್ಟು, ಸಂಪತ್ತು, ಶರೀರಬಲ ಇವು ಕೈಯಲ್ಲಿಲ್ಲದಿದ್ದರೂ ನಡತೆಯು ಕೈಯಲ್ಲಿದೆ. ಸರಿಯಾದುದು ಯಾವುದೆಂಬುದು ಬಹುಸಲ ದೂರದಲ್ಲಿರುವುದಿಲ್ಲ. ಅದು ತಿಳಿಯದೆಂಬುದು ಬಹುಸಲ ನೆಪವಾಗಿರುವುದು. ನಿಜವಾಗಿಯೂ ತಿಳಿಯದ ಸಂದರ್ಭಗಳೂ ಉಂಟು. ಆಗ ಪವಾಡಕ್ಕಾಗಿ ಕಾಯದೆ, ಬಲ್ಲವರೊಡನೆ ಕೂಡಿ ವಿಚಾರಿಸಿ ನಿಶ್ಚಯಿಸಬೇಕು. ನಿಶ್ಚಯಿಸಿದ ಮೇಲೆ ಒಪ್ಪದವರನ್ನು ಹೀಯಾಳಿಸಬಾರದು. ತನ್ನ ಪ್ರಾಣದಷ್ಟೇ ಪರರ ಪ್ರಾಣವೂ ಕೆಂಪೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಚಿಕ್ಕ ಆಯ್ಕೆಗಳನ್ನು ಅಲ್ಪವೆಂದು ಬಗೆಯಬಾರದು; ದೊಡ್ಡ ಸಂಕಟವು ಬಂದ ದಿನ ಮನಸ್ಸು ಬಾಗುವುದೋ ಗಡುಸಾಗಿಯೇ ಇರುವುದೋ ಎಂಬುದನ್ನು ಆ ಚಿಕ್ಕ ಆಯ್ಕೆಗಳೇ ಮುಂಚಿತವಾಗಿ ತೀರ್ಮಾನಿಸಿರುತ್ತವೆ.

ಮೋಶೆಯು ಸಂತತಿಯ ಮಾತನ್ನು ಸುಮ್ಮನೆ ಸೇರಿಸಲಿಲ್ಲ. ಮನೆಯ ಹಿರಿಯನು ಆರಿಸಿಕೊಳ್ಳುವಾಗ ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಿರುವರು. ಸುಳ್ಳಿನ ಲಾಭವನ್ನು ಬಿಟ್ಟು ನಿಜದ ನಷ್ಟವನ್ನು ಅವನು ಕೈಗೊಂಡ ದಿನ, ಅವರಿಗೆ ಬೇರೆ ಉಪದೇಶವು ಬೇಕಾಗದು. ಅವರಿಗಾಗಿ ಅವನು ಆರಿಸಿಕೊಡಲಾರನು; ಆರಿಸಿಕೊಳ್ಳುವುದು ಹೇಗೆಂಬುದನ್ನು ನಡೆದು ತೋರಿಸಬಲ್ಲನು. ತಂದೆಯಾದವನು ಮಗನನ್ನು ಒಳ್ಳೆಯ ಹೊಲದಲ್ಲಿ ನಿಲ್ಲಿಸುವುದೆಂದರೆ ಇದೇ.